ನೇರಳೆ ಬಾವುಟ

ಮಾರ್ಚ್ 9, ಬೆಳಿಗ್ಗೆ 7

ಹನ್ನೊಂದನೇ ನಂಬರಿನ ಒಗೆಯುವ ಯಂತ್ರ ಮತ್ತೆ ನೀರು ಹೊರಬಿಡುತ್ತಿಲ್ಲ. ಕೈ ಹಾಕಿ ನೋಡಿದರೆ ಯಾವುದೋ ಮಗುವಿನ ಕಾಲುಚೀಲ. ನಾನು ಕೆಲಸ ಮಾಡುವ ಲಾಂಡ್ರಿಯಲ್ಲಿ ಇನ್ನೂ ಮೂರೇ ಜನ. ಒಣಗಿಸುವ ಯಂತ್ರಗಳ ಮೇಲೆ ಒಂದೊಂದು ಕರಪತ್ರ ಇಟ್ಟೆ. ಮಾಲೀಕ ಬರುವುದು ಹತ್ತಕ್ಕೆ. ಅಷ್ಟರಲ್ಲಿ ಓದುವವರು ಓದಿರುತ್ತಾರೆ. ಉಳಿದದ್ದನ್ನು ಸೋಪಿನ ಪೆಟ್ಟಿಗೆಯೊಳಗೆ ತುರುಕಬಹುದು.

ಕ್ಯಾಮೆರಾ ತೆಗೆಯಿರಿ ಎಂಬ ಮನವಿಗೆ ಸಹಿ: ತೊಂಬತ್ತನಾಲ್ಕು.

ಸಹಿ ಹಾಕುವವರೆಲ್ಲರ ಕಥೆಯೂ ಒಂದೇ. ಲಿಂಡೆನ್ ರಸ್ತೆಯ ಮೂಲೆ. ಕೆಂಪು ದೀಪವಿದ್ದರೂ ಪೂರ್ತಿ ನಿಂತು, ನೋಡಿಕೊಂಡು ಬಲಕ್ಕೆ ತಿರುಗಬಹುದು, ಅಮೆರಿಕದ ಕಾನೂನೇ ಹಾಗಿದೆ. ಆದರೆ ನಿಲ್ಲುವಾಗ ಚಕ್ರ ಒಂದು ಗೇಣು ಉರುಳಿದರೂ ಕಂಬದ ಮೇಲಿನ ಕ್ಯಾಮೆರಾ ಕಣ್ಣು ಮಿಟುಕಿಸುತ್ತದೆ. ಎರಡು ವಾರಕ್ಕೆ ಮನೆಗೆ ದಂಡದ ಕಾಗದ. ಅದು ಯಾರಿಗೆ ಬರುತ್ತದೆ? ಒಂದು ಪಾಳಿ ಮುಗಿಸಿ ಇನ್ನೊಂದು ಪಾಳಿಗೆ ಓಡುವವರಿಗೆ. ಪುರಸಭೆಯ ಅಧ್ಯಕ್ಷರ ಹೆಂಡತಿಗೆ ಬಂದದ್ದನ್ನು ಯಾರೂ ಕಂಡಿಲ್ಲ.

ಇದನ್ನು ಸುರಕ್ಷತೆ ಅನ್ನುತ್ತಾರೆ. ಬಡವರ ಜೇಬಿಗೆ ಕೈ ಹಾಕುವಾಗಲೆಲ್ಲ ಅವರಿಗೆ ಒಂದು ಒಳ್ಳೆಯ ಹೆಸರು ಬೇಕು.

ಮಾರ್ಚ್ 10, ಸಂಜೆ

ಆಸ್ಪತ್ರೆಗೆ ಹೋಗಿದ್ದೆ. ಲುದ್ವಿಕ್ ತಾತ ಇನ್ನೂ ಸಣ್ಣಗಾಗಿದ್ದಾನೆ. ತಾತ ಎಂದರೆ ರಕ್ತಸಂಬಂಧವಲ್ಲ, ನಮ್ಮ ಕೆಳಗಿನ ಮನೆಯವನು. ನಲವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತವನು. ನನಗೆ ಹದಿನಾರಾಗಿದ್ದಾಗ ಒಂದು ಬೂಟಿನ ಡಬ್ಬಿ ತುಂಬ ಕರಪತ್ರ ಕೊಟ್ಟು, "ಓದು, ಆಮೇಲೆ ಜಗಳಕ್ಕೆ ಬಾ" ಎಂದಿದ್ದ. ನನ್ನ ಕಾಲೇಜು ಆ ಡಬ್ಬಿ.

"ಎಷ್ಟಾಯ್ತೇ ಸಹಿ?"

"ತೊಂಬತ್ತೇಳು."

"ಕೊಡಿಲ್ಲಿ, ನಂದೊಂದು ಹಾಕ್ತೀನಿ."

"ಮೊದಲನೇ ದಿನವೇ ಹಾಕಿದೀಯಲ್ಲ ತಾತ."

"ಇನ್ನೊಂದು ಹಾಕ್ತೀನಿ. ಶಿಕಾಗೋದಲ್ಲಿ ಸತ್ತೋರೇ ವೋಟು ಹಾಕಿದ್ದಾರಂತೆ, ಸಾಯ್ತಿರೋನು ಸಹಿ ಹಾಕಬಾರದಾ?"

ನರ್ಸು ನಕ್ಕಳು. ತಾತನಿಗೆ ನಗಲು ಉಸಿರಿರಲಿಲ್ಲ, ಹುಬ್ಬಿನಲ್ಲೇ ನಕ್ಕ. ಹೊರಡುವಾಗ ನನ್ನ ತೋಳು ಹಿಡಿದು ಆ ಡಬ್ಬಿಯ ಕರಪತ್ರವೊಂದರ ಮಾತನ್ನು ಮತ್ತೆ ಹೇಳಿದ: ಅವರ ಪರದೆಯ ಮೇಲೆ ನಿನ್ನನ್ನು ನೀನು ನೋಡಿಕೊಳ್ಳಬೇಡ. ನೋಡಿದೆಯೋ, ಅವರ ಕಣ್ಣು ನಿನ್ನದಾಯಿತು.

ಮಾರ್ಚ್ 14, ಸಂಜೆ 6

ಮಣ್ಣು ಮಾಡಿ ಬಂದೆವು.

ಹದಿನೇಳು ಕಾರು. ಪ್ರತಿ ಕಾರಿನ ಮಾಡಿನ ಮೇಲೂ ಅಯಸ್ಕಾಂತದ ಕಾಲಿನ ನೇರಳೆ ಬಾವುಟ. ಶವಯಾತ್ರೆಯ ಗುರುತು. ಅದಿದ್ದರೆ ಕೆಂಪು ದೀಪದಲ್ಲೂ ನಿಲ್ಲದೆ ಸಾಲಾಗಿ ಹೋಗಬಹುದು. ಬದುಕಿದ್ದಾಗ ತಾತನಿಗೆ ಒಂದು ದೀಪವೂ ದಾರಿ ಬಿಡಲಿಲ್ಲ. ಇವತ್ತು ಎಲ್ಲ ಬಿಟ್ಟವು.

ಅಳಲಿಲ್ಲ. ಒಂದು ಹನಿಯೂ ಇಲ್ಲ. ಅಳುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ಸ್ಮಶಾನದಲ್ಲಿ ಎಲ್ಲರ ಬಾವುಟ ವಾಪಸು ಇಸಿದುಕೊಂಡರು. ನನ್ನ ಬ್ಯೂಕ್ ಕಾರು ಕೊನೆಯದು, ಹುಲ್ಲಿನ ಮೇಲೆ ನಿಲ್ಲಿಸಿದ್ದೆ. ಅಲ್ಲಿಗೆ ಯಾರೂ ಬರಲಿಲ್ಲ, ನನಗೂ ನೆನಪಿಲ್ಲ. ಉಳಿದವರು ಮಾತಾಡುತ್ತ ನಿಂತರು. ನಾನೊಬ್ಬಳೇ ಊಟದ ಹಾಲ್‌ಗೆ ಹೊರಟುಬಂದೆ. ಇಳಿದಾಗ ನೋಡಿದರೆ ಮಾಡಿನ ಮೇಲೆ ಬಾವುಟ ಹಾರುತ್ತಲೇ ಇದೆ. ಕಿತ್ತು ಚೀಲದಲ್ಲಿ ಹಾಕಿಕೊಂಡೆ. ಈಗ ಕಿಟಕಿಯ ಹತ್ತಿರ ಅಂಟಿಸಿದ್ದೇನೆ. ಕೊಡುವುದಿಲ್ಲ.

ಸ್ತೆನ್ಯಾ ಚಿಕ್ಕಮ್ಮ ಊಟಕ್ಕೆ ತಡವಾಗಿ ಬಂದಳು. ಸ್ಮಶಾನಕ್ಕೆ ಬಂದಿರಲಿಲ್ಲ. ತಾತನಿಗೆ ಇಷ್ಟ ಅಂತ ಬೇಕರಿಯಲ್ಲಿ ಗಸಗಸೆ ಸುರುಳಿ ಹೇಳಿಟ್ಟಿದ್ದಳು, ಅದನ್ನು ತರಲು ನಡೆದೇ ಹೋಗಿದ್ದಳು. ಡಬ್ಬಿಯ ಒಂದು ಮೂಲೆ ಜಜ್ಜಿತ್ತು. ಅವಳು ಕುಂಟುತ್ತಿದ್ದಳು. ಸಾಸಿವೆ ಬಣ್ಣದ ಕೋಟಿನ ಮೊಣಕೈಗೆ ಕೆಸರು.

"ಏನಾಯ್ತು?"

"ಲಿಂಡೆನ್ ಮೂಲೇಲಿ ಕಾಲು ಹೊರಳ್ತು. ಬಿಡು, ಸಾರು ಆರೋಗುತ್ತೆ, ಕೂತ್ಕೋ."

"ಕಾಲುದಾರಿ ಮುರಿದಿತ್ತಾ?"

ನನ್ನ ಮುಖ ನೋಡಿದಳು. "ಮುರಿದಿತ್ತೇನೋ. ನಾನೇನು ನೆಲ ನೋಡ್ಕೊಂಡು ನಡೀತೀನಾ?"

ಮಾರ್ಚ್ 17

ಚಿಕ್ಕಮ್ಮನ ಪಾದದ ಮೂಳೆಯಲ್ಲಿ ಬಿರುಕು. ಪ್ಲಾಸ್ಟಿಕ್ ಬೂಟು ಹಾಕಿದ್ದಾರೆ. ಡಾಕ್ಟರು ಎರಡು ತಿಂಗಳು ಎಂದ. ಅವಳು ತಿಂಡಿ ಅಂಗಡಿಯ ಅಡುಗೆಮನೆಯಲ್ಲಿ ದಿನಕ್ಕೆ ಒಂಬತ್ತು ಗಂಟೆ ನಿಂತು ಕಡುಬು ಮಡಚುವವಳು. ಅವಳು ಕೇಳಿದ್ದು ಕೆಲಸದ ಬಗ್ಗೆ ಅಲ್ಲ.

"ಆಗಸ್ಟ್‌ಗೆ ನಡೀಬಹುದಾ?"

ಪ್ರತಿ ಆಗಸ್ಟ್‌ನಲ್ಲಿ ನಮ್ಮ ಪೋಲಿಷ್ ಜನ ಸಾವಿರಾರು ಮಂದಿ ಪಕ್ಕದ ರಾಜ್ಯ ಇಂಡಿಯಾನಾದ ಕ್ರೈಸ್ತ ಮಠದವರೆಗೆ ಎರಡು ದಿನ ನಡೆಯುತ್ತಾರೆ. ಹಾಡಿಕೊಂಡು, ಗುಳ್ಳೆ ಎದ್ದ ಕಾಲಿನಲ್ಲಿ. ಚಿಕ್ಕಮ್ಮ ಇಪ್ಪತ್ತೆರಡು ವರ್ಷದಿಂದ ತಪ್ಪಿಸಿಲ್ಲ. ನನ್ನ ಅಮ್ಮ ಸತ್ತ ವರ್ಷ ಶುರು ಮಾಡಿದ್ದು. ನನಗೆ ಆಗ ಎರಡು ತಿಂಗಳು, ಬೆನ್ನಿಗೆ ಕಟ್ಟಿಕೊಂಡು ನಡೆದಳಂತೆ.

ಬೂಟು ತೆಗೆದರೂ ಈ ವರ್ಷ ಅಷ್ಟು ದೂರ ಬೇಡ ಎಂದು ಡಾಕ್ಟರು ತಲೆ ಅಲ್ಲಾಡಿಸಿದ.

ನಾನು ಆ ಯಾತ್ರೆಯನ್ನು ಎಷ್ಟು ಸಲ ಹಂಗಿಸಿದ್ದೇನೆ. ಇವತ್ತು ಅವಳ ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ.

ಮಾರ್ಚ್ 29, ಮಧ್ಯಾಹ್ನ

ಬಂತು. ನನಗೇ ಬಂತು!

ಲಿಂಡೆನ್ ಮೂಲೆ, ಮಾರ್ಚ್ 14, ಹನ್ನೆರಡು ಗಂಟೆ ಎಂಟು ನಿಮಿಷ. ಕೆಂಪಿನಲ್ಲಿ ಪೂರ್ತಿ ನಿಲ್ಲದೆ ಬಲಕ್ಕೆ ತಿರುವು. ತಾತನನ್ನು ಮಣ್ಣಿಗಿಟ್ಟು ಬರುವಾಗ! ಅಷ್ಟೂ ನಾಚಿಕೆ ಇಲ್ಲ.

ಮೂರು ಫೋಟೋ, ಎಲ್ಲ ಹಿಂದಿನಿಂದ ತೆಗೆದವು. ಒಂದರಲ್ಲಿ ಕಾರು ಗೆರೆಯ ಹಿಂದೆ, ಒಂದರಲ್ಲಿ ತಿರುವಿನಲ್ಲಿ, ಒಂದು ಬರೀ ನಂಬರ್ ಪ್ಲೇಟು. ಎರಡನೆಯದರ ಅಂಚಿನಲ್ಲಿ ಒಂದು ಹಳದಿ ಕಲೆ. ಪತ್ರಿಕೆ ಮಾರುವ ತಗಡಿನ ಪೆಟ್ಟಿಗೆ ಇರಬೇಕು. ವೀಡಿಯೋ ನೋಡಲು ವಿಳಾಸ ಕೊಟ್ಟಿದ್ದಾರೆ. ನೋಡುವುದಿಲ್ಲ. ತಾತನ ಮಾತು.

ನಾನು ನಿಂತಿದ್ದೆ. ನಿಂತೆ ಅಂತಲೇ ನೆನಪು. ಎಡಕ್ಕೆ ನೋಡಿದೆ, ಕಾರು ಬರುತ್ತಿರಲಿಲ್ಲ, ತಿರುಗಿಸಿದೆ.

ಕಾಗದದ ಹಿಂಬದಿಯಲ್ಲಿ ಕ್ಷಮಿಸಬಹುದಾದ ಕಾರಣಗಳು. ಕಾರು ಕಳವಾಗಿದ್ದರೆ. ಪೊಲೀಸರು ಕೈ ತೋರಿಸಿದ್ದರೆ. ಶವಯಾತ್ರೆಯಲ್ಲಿದ್ದರೆ. ನನ್ನದು ಮೂರೂ ಅಲ್ಲ, ಯಾತ್ರೆ ಸ್ಮಶಾನದಲ್ಲೇ ಮುಗಿದಿತ್ತು. ಅವರು ಕೊಟ್ಟ ಪಟ್ಟಿಯಲ್ಲಿ ನಾನೇಕೆ ಹುಡುಕಲಿ? ನನ್ನ ಕಾರಣದ ಹೆಸರು ನ್ಯಾಯ.

ವಿಚಾರಣೆ ಬೇಕು ಎಂಬ ಚೌಕಕ್ಕೆ ಗುರುತು ಹಾಕಿದೆ. ಪೆನ್ನು ಕಾಗದವನ್ನೇ ತೂತು ಮಾಡಿತು.

ಏಪ್ರಿಲ್ 3

ಹೊಸ ಕರಪತ್ರ ಬರೆದೆ. ತಲೆಬರಹ: ಕಂಬಕ್ಕೆ ಹಣವಿದೆ, ಕಾಲುದಾರಿಗೆ ಇಲ್ಲ.

ಒಂದೇ ಮೂಲೆ, ಒಂದೇ ದಿನ. ನನ್ನ ಚಕ್ರ ಉರುಳಿದ್ದನ್ನು ಕಾಣಲು ಅಲ್ಲಿ ಕಣ್ಣಿತ್ತು. ದುಡಿಯುವ ಹೆಂಗಸೊಬ್ಬಳು ಬಿದ್ದು ಮೂಳೆ ಮುರಿದುಕೊಂಡದ್ದನ್ನು ಕಾಣಲು ಕಣ್ಣಿರಲಿಲ್ಲ. ಈ ಸಾಲು ಬರೆದಾಗ ಮೈ ಜುಮ್ಮೆಂದಿತು. ತಾತ ಇದ್ದಿದ್ದರೆ ಎರಡು ಸಲ ಓದಿಸುತ್ತಿದ್ದ.

ಚಿಕ್ಕಮ್ಮನಿಗೆ ಓದಿ ಹೇಳಿದೆ. ಆಲೂಗಡ್ಡೆ ಸುಲಿಯುತ್ತಿದ್ದವಳು ಚಾಕು ಕೆಳಗಿಟ್ಟಳು.

"ನನ್ನ ಹೆಸರು ಬೇಡ ಕೂಸೇ."

"ಹೆಸರಿಲ್ಲದ ನೋವನ್ನ ಯಾರೂ ಓದಲ್ಲ."

"ನೋವು ನಂದು. ಓದಿಸೋದು ಬೇಡ ಅಂತಿದೀನಿ."

"ನಿನ್ನಂಥೋರು ಸುಮ್ಮನಿರೋದಕ್ಕೇ ಅವರು ಮೆರೀತಾರೆ."

"ಮೆರೀಲಿ. ಆ ಪಾತ್ರೆ ಕೊಡು."

ಹೆಸರು ಹಾಕಿದೆ, ಪೂರ್ತಿಯಾಗಿ: ಸ್ತೆಫಾನಿಯಾ ಗ್ವುಷೆಕ್. ಮುರಿದ ಕಲ್ಲಿನ ಫೋಟೋಕ್ಕಾಗಿ ಆ ಮೂಲೆಗೆ ಹೋದೆ. ಹುಡುಕಬೇಕಾಯಿತು. ಬಿರುಕು ಬಿಟ್ಟದ್ದು ಒಂದೇ ಒಂದಿತ್ತು, ಅದೂ ದಾರಿಯ ಆ ಬದಿಗೆ. ಮಂಡಿಯೂರಿ ಹತ್ತಿರದಿಂದ ತೆಗೆದೆ. ದೊಡ್ಡದಾಗಿ ಕಾಣುತ್ತದೆ.

ಏಪ್ರಿಲ್ 21

ಸಹಿ ನೂರ ಎಂಬತ್ತಾರು. ಚಿಕ್ಕಮ್ಮನ ಕಾಲು ಕ್ಯಾಮೆರಾಕ್ಕಿಂತ ಹೆಚ್ಚು ಸಹಿ ತಂದಿದೆ. ಲಾಂಡ್ರಿಗೆ ಬಂದ ಮುದುಕಿಯೊಬ್ಬಳು ಓದಿ ಕಣ್ಣೊರೆಸಿಕೊಂಡಳು. ಇನ್ನೊಬ್ಬಳು ಒಂದು ಸೀಸೆ ಹಂದಿ ಕೊಬ್ಬು ಕಳಿಸಿದ್ದಾಳೆ, ಕಾಲಿಗೆ ಹಚ್ಚಲು.

ಚಿಕ್ಕಮ್ಮ ಈಗ ಬೀದಿಗೆ ಇಳಿಯುವುದಿಲ್ಲ. ಎಲ್ಲರೂ ಕಾಲಿನ ಬಗ್ಗೆ ಕೇಳುತ್ತಾರಂತೆ. ಸಂಕೋಚದವಳು.

ಮೇ 20ಕ್ಕೆ ಪುರಸಭೆಯ ಸಭೆ. ಮೂರು ನಿಮಿಷ ಮಾತಾಡಲು ಹೆಸರು ಕೊಟ್ಟಿದ್ದೇನೆ. ವಿಚಾರಣೆ ಮೇ 6ಕ್ಕೆ. ಅದಕ್ಕೂ ಐದು ಪುಟದ ಭಾಷಣ ಸಿದ್ಧ.

ಮೇ 6, ಬೆಳಿಗ್ಗೆ 9, ಪುರಸಭೆಯ ಮೆಟ್ಟಿಲು

ಒಳಗೆ ಮೂವತ್ತು ಜನ. ಪಕ್ಕದಲ್ಲಿ ಕೂತ ನಲ್ಲಿ ರಿಪೇರಿಯವನಿಗೆ ಇದು ನಾಲ್ಕನೇ ಕಾಗದವಂತೆ.

"ಏನು ಹೇಳ್ತೀರಾ?" ಎಂದೆ.

"ನಾನು ನಿಂತೆ ಸ್ವಾಮಿ, ಕಾರು ನಿಲ್ಲಲಿಲ್ಲ ಅಂತೀನಿ. ಹೋದ ಸಲ ಹೆಂಡ್ತಿ ಬೈತಿದ್ಲು ಅಂದೆ. ಆತನೂ ಮದುವೆ ಆದೋನು, ಆದ್ರೂ ಬಿಡಲಿಲ್ಲ."

ನನ್ನ ಭಾಷಣ ತೋರಿಸಿದೆ. ಅವನು ಪುಟ ತಿರುವಿ, "ಅಮ್ಮಾ ತಾಯಿ, ಒಬ್ಬೊಬ್ಬರಿಗೆ ಎರಡೇ ನಿಮಿಷ" ಎಂದ.

ಎರಡು ನಿಮಿಷ ಸಾಕು.

ಮೇ 6, ಸಂಜೆ

ಕೇಸು ವಜಾ. ಗೆದ್ದೆ.

ಮೇ 12

ಆರು ದಿನ ಬರೆಯಲಾಗಲಿಲ್ಲ. ಈಗ ಬರೆಯುತ್ತೇನೆ. ನಡೆದ ಹಾಗೆ.

ವಿಚಾರಣೆ ಮಾಡುವವರು ಒಬ್ಬ ಹಳೆಯ ವಕೀಲರು. ಮೂಗಿನ ತುದಿಗೆ ಕನ್ನಡಕ, ಒಳ್ಳೆಯ ಮುಖ. ಕೆಟ್ಟ ಮುಖ ಇರುತ್ತದೆ ಅಂದುಕೊಂಡು ಹೋಗಿದ್ದೆ. ಹೆಸರು ಕರೆದರು. ನಾನು ಹಾಳೆಗಳನ್ನು ಬಿಚ್ಚಿದೆ.

"ಮೊದಲು ವೀಡಿಯೋ ನೋಡೋಣಮ್ಮ. ಆಮೇಲೆ ಮಾತು."

"ನಾನು ನೋಡಲ್ಲ."

"ನೋಡಬೇಡ. ನಾನು ನೋಡ್ತೀನಿ."

ಗೋಡೆಯಷ್ಟು ದೊಡ್ಡ ಪರದೆ. ಮೂವತ್ತು ಜನ ನೋಡುವಾಗ ನಾನೊಬ್ಬಳು ಗೋಡೆ ಕಡೆ ಮುಖ ಮಾಡಿ ನಿಲ್ಲಲೇ? ನೋಡಿದೆ.

ಹನ್ನೆರಡು ಸೆಕೆಂಡು. ನನ್ನ ಬ್ಯೂಕ್ ಬರುತ್ತದೆ. ಮಾಡಿನ ಮೇಲೆ ನೇರಳೆ ಬಾವುಟ. ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ನಿಲ್ಲಲೇ ಇಲ್ಲ. ಬಲಗಡೆ ಅಂಚಿನಿಂದ ಸಾಸಿವೆ ಬಣ್ಣದ ಕೋಟು ರಸ್ತೆಗೆ ಇಳಿಯುತ್ತದೆ, ಕೈಯಲ್ಲಿ ಬಿಳಿ ಡಬ್ಬಿ. ನಡೆಯುವವರ ದೀಪ ಹತ್ತಿದೆ. ಕಾರು ಅವಳ ಮುಂದೆಯೇ ತಿರುಗುತ್ತದೆ. ಅವಳು ಹಿಂದಕ್ಕೆ ಹಾರುತ್ತಾಳೆ. ಹಿಮ್ಮಡಿ ಕಲ್ಲಿನ ಅಂಚಿಗೆ ತಾಗುತ್ತದೆ. ಕೂತುಬಿಡುತ್ತಾಳೆ. ಡಬ್ಬಿ ಉರುಳುತ್ತದೆ. ಕಾರು ಹೋಗಿರುತ್ತದೆ.

ಕೂತವರಲ್ಲಿ ಯಾರೋ "ಅಯ್ಯೋ" ಎಂದರು. ವಕೀಲರು ಕಾರನ್ನಷ್ಟೇ ನೋಡುತ್ತಿದ್ದರು. ಅವರ ಕೆಲಸ ಅದು.

"ಶವಯಾತ್ರೆ ಬಾವುಟ ಇದೆಯಲ್ಲಮ್ಮ. ಕಾರಿನ ದೀಪ ಕೂಡ ಹಾಕಿದೀಯ. ಯಾರು ತೀರಿಕೊಂಡಿದ್ದು?"

"ತಾತ."

"ಪಾಪ. ಇದನ್ನ ಮೊದಲೇ ಹೇಳಿದ್ರೆ ಇಲ್ಲಿ ತನಕ ಬರೋ ಕೆಲಸವೇ ಇರಲಿಲ್ಲ. ಕೇಸಿಲ್ಲ. ಸಮಾಧಾನ ಮಾಡ್ಕೋ."

"ಇನ್ನೊಂದು ಸಲ ತೋರಿಸ್ತೀರಾ?"

"ಗೆದ್ದಮೇಲೆ ಯಾರೂ ಕೇಳಲ್ಲ ಕಣಮ್ಮ." ಆದರೂ ಹಾಕಿಸಿದರು.

ಎರಡನೇ ಸಲವೂ ಅವಳು ಬಿದ್ದಳು.

ಯಾತ್ರೆ ಮುಗಿದಿತ್ತು, ಬಾವುಟ ತೆಗೆಯಲು ಮರೆತೆ — ಇಷ್ಟೇ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು "ಥ್ಯಾಂಕ್ಯೂ". ಐದು ಪುಟ ಕೈಯಲ್ಲೇ ಇತ್ತು. ನಲ್ಲಿ ರಿಪೇರಿಯವನು ಹೆಬ್ಬೆರಳು ಎತ್ತಿ ತೋರಿಸಿದ.

ಸತ್ತವನ ಬಾವುಟದ ಅಡಿಯಲ್ಲಿ ಅಡಗಿಕೊಂಡೆ. ಹೊರಗೆ ಬಂದು ಕಾರಿನಲ್ಲಿ ಕೂತೆ. ಕೀಲಿ ತಿರುಗಿಸದೆ ಇಳಿದು, ಕಾರನ್ನು ಅಲ್ಲೇ ಬಿಟ್ಟೆ. ಬಸ್ಸಿನಲ್ಲಿ ಮನೆಗೆ ಬಂದೆ.

ಮೇ 13

ಪುರಸಭೆಗೆ ಹೋದೆ. ಕಿಟಕಿಯ ಹಿಂದಿನ ಹೆಂಗಸಿಗೆ ದಂಡ ಕಟ್ಟುತ್ತೇನೆ ಎಂದೆ.

"ನಿಮ್ಮ ನಂಬರಿಗೆ ಏನೂ ಬಾಕಿ ಇಲ್ಲ."

"ಇದೆ. ತಪ್ಪು ತೀರ್ಪು ಅದು."

"ಇಲ್ಲಿ ಕಂಪ್ಯೂಟರ್ ತಗೊಳ್ಳಲ್ಲ ಕಣ್ರೀ. ಕಟ್ಟಲ್ಲ ಅನ್ನೋರು ನೂರು ಜನ ಬರ್ತಾರೆ, ಕಟ್ಟೇ ಕಟ್ತೀನಿ ಅನ್ನೋರಿಗೆ ನಮ್ಮ ಹತ್ರ ಬಟನ್ನೇ ಇಲ್ಲ."

ಹಿಂದಿನವನು ಕೆಮ್ಮಿದ. ಬಂದುಬಿಟ್ಟೆ.

ಮೇ 15, ಸಂಜೆ

ಹೇಳಿದೆ. ಚಿಕ್ಕಮ್ಮ ಅಡುಗೆಮನೆಯಲ್ಲಿ ಕೂತಿದ್ದಳು, ಬೂಟು ಹಾಕಿದ ಕಾಲು ಸ್ಟೂಲಿನ ಮೇಲೆ. ಸೌತೆಕಾಯಿ ಹೆಚ್ಚುತ್ತಿದ್ದಳು.

"ವೀಡಿಯೋ ನೋಡಿದೆ."

ಚಾಕು ನಿಲ್ಲಲಿಲ್ಲ. "ಕಾರು ಎಲ್ಲಿ ಅಂತ ಕೇಳೋಣ ಅಂದ್ಕೊಂಡಿದ್ದೆ. ವಾರದಿಂದ ಬಸ್ಸಿನಲ್ಲಿ ಓಡಾಡ್ತಿದೀಯ."

"ನಿನಗೆ ಗೊತ್ತಿತ್ತು."

"ನಿನ್ನ ಕಾರು ನನಗೆ ಗೊತ್ತಾಗಲ್ವಾ? ಆ ಸದ್ದು ಊರಿಗೇ ಗೊತ್ತು."

"ಯಾಕೆ ಹೇಳಲಿಲ್ಲ? ನಾನು ಊರೆಲ್ಲ ನಿನ್ನ ಹೆಸರು ಹಂಚಿದೆ. ಸುಳ್ಳು ಹಂಚಿದೆ. ಕಲ್ಲಿನ ಫೋಟೋ..."

"ಬೇಡ ಅಂದೆ ತಾನೇ. ಕೇಳೋ ಕಿವಿ ನಿನಗಿಲ್ಲ. ನಿನ್ನಮ್ಮನಿಗೂ ಇರಲಿಲ್ಲ."

"ಆ ಹೊತ್ತಲ್ಲೇ ಕೂಗಬಹುದಿತ್ತು."

ಆಗ ಚಾಕು ಕೆಳಗಿಟ್ಟಳು.

"ನೀನು ಅಳ್ತಿದ್ದೆ ಮಿರ್ಕಾ. ಬಾಯಿ ತೆಗೆದು, ಚಿಕ್ಕ ಮಗು ಥರ. ಎಡಗಡೆ ಮುಖ ಮಾಡ್ಕೊಂಡು. ಹನ್ನೆರಡು ವರ್ಷ ಆಗಿತ್ತು ನೀನು ಅತ್ತಿದ್ದು ನೋಡಿ. ಕೂಗಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ. ಅಳೋದನ್ನ." ಹೆಚ್ಚಿದ ಹೋಳುಗಳನ್ನು ಪಾತ್ರೆಗೆ ಹಾಕಿ, "ಆಮೇಲೆ ಹಾಲ್‌ನಲ್ಲಿ ಒಣಮುಖ ಹಾಕ್ಕೊಂಡು ಕಾಲುದಾರಿ ಮುರಿದಿತ್ತಾ ಅಂದೆ. ನಾನೂ ಮುರಿದಿತ್ತೇನೋ ಅಂದೆ. ಹೋಗ್ಲಿ ಅಂತ."

ನಾನು ನೆಲದ ಮೇಲೆ ಕೂತೆ. ಅವಳ ಬೂಟಿಗೆ ತಲೆ ಆನಿಸಿದೆ. ಪ್ಲಾಸ್ಟಿಕ್ ವಾಸನೆ, ಹಂದಿ ಕೊಬ್ಬಿನ ವಾಸನೆ.

"ದಂಡ ಕಟ್ಟೋಕೆ ಹೋದೆ. ತಗೊಳ್ಳಲಿಲ್ಲ."

"ನಾನು ತಗೋತೀನಿ. ಆಗಸ್ಟ್‌ನಲ್ಲಿ ನನ್ನ ಬದಲು ನೀನು ನಡಿ."

"ನಾನು ದೇವರನ್ನ ನಂಬಲ್ಲ ಚಿಕ್ಕಮ್ಮ."

"ಕಾಲನ್ನ ನಂಬ್ತೀಯಲ್ಲ. ಸಾಕು. ಎರಡು ಜೊತೆ ಕಾಲುಚೀಲ ಹಾಕ್ಕೋ, ಒಳಗಡೆ ತೆಳ್ಳಂದು. ಗುಳ್ಳೆ ಬಂದ್ರೆ ಒಡೀಬೇಡ."

ಒಪ್ಪಿದೆನೋ ಇಲ್ಲವೋ ಅವಳು ಕೇಳಲಿಲ್ಲ. ಸೌತೆಕಾಯಿಗೆ ಮೊಸರು ಸುರಿದಳು.

ಮೇ 17

ಲಾಂಡ್ರಿಯ ಕರಪತ್ರಗಳನ್ನೆಲ್ಲ ಎತ್ತಿಬಿಟ್ಟೆ. ಕೆಲವು ಜನರ ಮನೆಗೆ ಹೋಗಿವೆ, ಅವನ್ನು ಎತ್ತಲಾಗುವುದಿಲ್ಲ.

ಬೂಟಿನ ಡಬ್ಬಿ ತೆಗೆದು ಆ ಸಾಲು ಹುಡುಕಿದೆ. ಅವರ ಪರದೆಯ ಮೇಲೆ ನಿನ್ನನ್ನು ನೀನು ನೋಡಿಕೊಳ್ಳಬೇಡ. ಪಕ್ಕದಲ್ಲಿ ತಾತನ ಸೀಸದ ಕಡ್ಡಿಯ ಗೆರೆ, ಗೆರೆಯ ಕೊನೆಗೆ ಒಂದು ಪ್ರಶ್ನೆ ಚಿಹ್ನೆ. ಇಷ್ಟು ವರ್ಷ ಗೆರೆಯನ್ನು ಮಾತ್ರ ನೋಡಿದ್ದೆ.

ಕ್ಯಾಮೆರಾ ಈಗಲೂ ಜೇಬಿಗೆ ಕೈ ಹಾಕುವ ಯಂತ್ರವೇ. ಅದನ್ನು ಬಿಟ್ಟುಕೊಡುವುದಿಲ್ಲ. ಆದರೆ ತಿರುಗಿಸುವಾಗ ಎಲ್ಲರೂ ಎಡಕ್ಕೆ ನೋಡುತ್ತೇವೆ, ನಮಗೆ ಡಿಕ್ಕಿ ಹೊಡೆಯುವ ಕಾರು ಬರುವುದು ಅಲ್ಲಿಂದ. ನಮ್ಮ ಕಾರಿಗೆ ಸಿಗುವವರು ಬರುವುದು ಬಲದಿಂದ. ಇದು ಯಾವ ಕರಪತ್ರದಲ್ಲೂ ಇಲ್ಲ. ನನ್ನದರಲ್ಲೂ ಇರಲಿಲ್ಲ.

ಬ್ಯೂಕ್ ತಂದೆ. ಲಿಂಡೆನ್ ಮೂಲೆಯಲ್ಲಿ ಹಸಿರು ಬರುವವರೆಗೆ ನಿಂತೆ. ಹಿಂದಿನ ನಾಲ್ಕು ಕಾರು ಹಾರ್ನ್ ಹೊಡೆದವು. ಒಬ್ಬ ಕಿಟಕಿ ಇಳಿಸಿ, "ಏನಕ್ಕಾ, ಬಣ್ಣ ಇಷ್ಟ ಆಗಲಿಲ್ವಾ?" ಎಂದ.

ಮೇ 19, ಸಂಜೆ 7

ನಾಳೆ ಸಭೆ. ಸಹಿ ಇನ್ನೂರ ಮೂವತ್ತೊಂದು. ಕೊಡುತ್ತೇನೆ. ಆದರೆ ಅದರ ಮೇಲೆ ಒಂದು ಹೊಸ ಹಾಳೆ ಇರುತ್ತದೆ. ಮೂರು ನಿಮಿಷದಲ್ಲಿ ಮೊದಲು ಓದುವುದು ಅದನ್ನೇ. ಲಾಂಡ್ರಿಯಲ್ಲೂ ಪ್ರತಿ ಯಂತ್ರದ ಮೇಲೆ ಇಡುತ್ತೇನೆ. ಅದನ್ನು ಓದಿದ ಮೇಲೆ ಸಹಿ ವಾಪಸು ಬೇಕೆನ್ನುವವರಿಗೆ ಹೊಡೆದುಹಾಕಲು ಪೆನ್ನೂ ಇಡುತ್ತೇನೆ. ನೇರಳೆ ಬಾವುಟವನ್ನು ಬೆಳಿಗ್ಗೆ ಶವಸಂಸ್ಕಾರದವರ ಅಂಗಡಿಗೆ ಕೊಟ್ಟು ಬಂದೆ.

ಚಿಕ್ಕಮ್ಮ ಬಾಗಿಲಲ್ಲಿ ನಿಂತು ಓದಿಸಿಕೊಳ್ಳುತ್ತಿದ್ದಾಳೆ. ಲಾಂಡ್ರಿ ಕೆಲಸ ಹೋಗುತ್ತೆ, ನಗ್ತಾರೆ, ಬೇಡ ಕೂಸೇ ಎನ್ನುತ್ತಾಳೆ. ಈ ಸಲ ಕೇಳಿಸಿಕೊಂಡೆ. ಕೇಳಿಸಿಕೊಂಡು, ನಿನ್ನ ಹೆಸರು ತೆಗೆಯಲೇ ಎಂದೆ. ಬಾಗಿಲಿಗೆ ಒರಗಿಕೊಂಡು, "ನಿಂದು ಹಾಕೋದಾದ್ರೆ ನಂದೂ ಇರ್ಲಿ. ಒಬ್ಬಳೇ ಯಾಕೆ ನಿಲ್ತೀಯ?" ಎಂದಳು. ಕುಂಟುತ್ತ ಹೋಗಿ ದೀಪ ಹಾಕಿದಳು.

ನಾಲ್ಕನೇ ಸಲ ಶುರು ಮಾಡುತ್ತಿದ್ದೇನೆ —

ಮಾರ್ಚ್ 14ರಂದು ಲಿಂಡೆನ್ ಮೂಲೆಯಲ್ಲಿ ಸ್ತೆಫಾನಿಯಾ ಗ್ವುಷೆಕ್ ಬಿದ್ದದ್ದು ಕಾಲುದಾರಿ ಮುರಿದಿದ್ದರಿಂದ ಅಲ್ಲ. ಆ ಹೊತ್ತಿಗೆ ಅವಳ ಎದುರು ಕಾರು ತಿರುಗಿಸಿದವಳ ಹೆಸರು